ಅಂಬಪ್ಪನ ಒಂದು ಓಟು

ಅಂಬಪ್ಪನಿಗೆ ಬಿದ್ದದ್ದು ಒಂದೇ ಓಟು. ಆ ಒಂದೇ ಓಟು ಕಾಲುವೆಯ ಕೊನೆಭಾಗದವರ ಹೊಟ್ಟೆಗೆ ಬೆಂಕಿ ಇಟ್ಟಿತು.

ಸಿಂಧನೂರು ಕಡೆಯ ಆ ಕಾಲುವೆಯ ನೀರು ಬಳಕೆದಾರರ ಸಂಘಕ್ಕೆ ಹದಿಮೂರು ನಿರ್ದೇಶಕರು. ಗುಪ್ತ ಮತದಿಂದ ಅಧ್ಯಕ್ಷನನ್ನು ಆರಿಸುವವರೂ ಅವರೇ. ಇಪ್ಪತ್ತು ವರ್ಷದಿಂದ ಅಧ್ಯಕ್ಷ ಮೇಲ್ಭಾಗದ ಪಂಪಾಪತಿ. ನೀರೂ ಮೊದಲು ಅವನ ಕಡೆಯ ಗದ್ದೆಗೇ. ಕೊನೆಭಾಗಕ್ಕೆ ಇಳಿಯುವುದು ಅವರು ಉಂಡು ಬಿಟ್ಟದ್ದು. ಈ ಸಲ ಮಾತ್ರ ಲೆಕ್ಕ ತಿರುಗಿತ್ತು. ಮೇಲ್ಭಾಗದವರು ಆರು, ಕೊನೆಭಾಗದವರು ಏಳು ಮಂದಿ ಗೆದ್ದು ಬಂದಿದ್ದರು. ಸಾಲದ್ದಕ್ಕೆ ಮೇಲ್ಭಾಗದ ಒಬ್ಬನೂ ನಮ್ಮ ಕಡೆ ವಾಲಿದ್ದಾನೆ ಎಂದು ಕೊನೆಭಾಗದ ನಿರ್ದೇಶಕ ವಿರೇಶ ಸುದ್ದಿ ತಂದ. ಎಂಟು ಓಟು ಖಾತ್ರಿ ಎಂದು ಓಟಿನ ದಿನ ಬೆಳಿಗ್ಗೆಯೇ ಹಾರ ತರಿಸಿಟ್ಟರು.

ಕೊನೆಭಾಗದ ಹುರಿಯಾಳು ಕರಿಬಸಪ್ಪ. ಅವನನ್ನು ನಿಲ್ಲಿಸುವಷ್ಟರಲ್ಲೇ ಎಲ್ಲರಿಗೂ ಸಾಕುಸಾಕಾಗಿತ್ತು. ಮೂರು ತಲೆಮಾರಿನಿಂದ ಮಠದ ದಾಸೋಹದಲ್ಲಿ ಬಡಿಸಿದ ಮನೆತನ. ಊರೆಲ್ಲ ಉಂಡೆದ್ದ ಮೇಲೂ ತನ್ನ ತಾಟಿಗೆ ತಾನು ಬಡಿಸಿಕೊಳ್ಳದೆ, ಬೇರೆಯವರು ಬಡಿಸುವ ತನಕ ಕಾಯುವ ಮನುಷ್ಯ. ತನಗೆ ಓಟು ಹಾಕಿ ಎಂದು ಒಬ್ಬನನ್ನೂ ಕೇಳಲಿಲ್ಲ. ಕೇಳಿದ್ದೆಲ್ಲ ವಿರೇಶನೇ.

ನಡುವೆ ಬಂದವನು ಅಂಬಪ್ಪ, ಆ ಏಳು ಮಂದಿಯಲ್ಲೇ ಒಬ್ಬ, ನಿವೃತ್ತ ಲೈನ್‌ಮನ್, ಮೂರೆಕರೆ ಗದ್ದೆಯವನು. ತಮ್ಮ ಓಣಿಯವರ ಹೆಸರೂ ಒಮ್ಮೆ ಮತಚೀಟಿಯ ಮೇಲೆ ಬರಲಿ ಎಂದು ನಾಮಪತ್ರ ಹಾಕಿಬಿಟ್ಟ. ವಿರೇಶ ಹೋಗಿ ಕೈ ಹಿಡಿದುಕೊಂಡ ಮೇಲೆ ಹಿಂದೆ ಸರಿಯಲು ಒಪ್ಪಿದ. ಆದರೆ ಆವತ್ತು ಅವನು ಮಸ್ಕಿಯಿಂದ ಬರುತ್ತಿದ್ದ ಬಸ್ಸು ದಾರಿಯಲ್ಲಿ ಕೆಟ್ಟು ನಿಂತಿತು. ಅವನು ಸಂಘದ ಮೆಟ್ಟಿಲು ಹತ್ತುವಷ್ಟರಲ್ಲಿ ನಾಮಪತ್ರ ಹಿಂಪಡೆಯುವ ವೇಳೆ ಮೀರಿತ್ತು. ಹೆಸರು ಉಳಿದರೆ ಉಳಿಯಲಿ, ನನ್ನ ಓಟು ಕರಿಬಸಪ್ಪನಿಗೇ ಎಂದು ಎಲ್ಲರೆದುರು ಮಾತು ಕೊಟ್ಟ.

ಎಣಿಸಿದರೆ ಪಂಪಾಪತಿಗೆ ಆರು, ಕರಿಬಸಪ್ಪನಿಗೆ ಆರು, ಅಂಬಪ್ಪನಿಗೆ ಒಂದು. ಮೇಲ್ಭಾಗದವನು ವಾಲಿದ್ದೆಲ್ಲ ಬರೀ ಗಾಳಿಮಾತು. ಸಮ ಬಂದದ್ದರಿಂದ ಅಧಿಕಾರಿ ಡಬ್ಬಿಯಲ್ಲಿ ಎರಡು ಚೀಟಿ ಹಾಕಿ ಕುಲುಕಿ ಒಂದನ್ನು ಎತ್ತಿದ. ಪಂಪಾಪತಿ ಮತ್ತೆ ಅಧ್ಯಕ್ಷನಾದ. ತರಿಸಿಟ್ಟ ಹಾರವನ್ನು ಅವನ ಕಡೆಯವರೇ ಎತ್ತಿಕೊಂಡು ಹೋದರು.

ಮಾತು ತಪ್ಪಿ ತನಗೆ ತಾನೇ ಹಾಕಿಕೊಂಡ ಎಂದು ಆವತ್ತಿನಿಂದ ಅಂಬಪ್ಪನನ್ನು ಯಾರೂ ಮಾತಾಡಿಸಲಿಲ್ಲ. ಚಹಾದಂಗಡಿಯಲ್ಲಿ ಅವನು ಕುಳಿತ ಬೆಂಚು ಖಾಲಿಯಾಗುತ್ತಿತ್ತು. ತಿನ್ನುವುದು ನಮ್ಮದು, ಹಾಡುವುದು ತನ್ನದು ಎಂದು ವಿರೇಶ ಕೇಳಿಸುವ ಹಾಗೆ ಬೈದ. ಕರಿಬಸಪ್ಪ ಮಾತ್ರ ಅವನ ಮೇಲೆ ಒಂದು ಕೆಟ್ಟ ಮಾತು ಆಡಲಿಲ್ಲ. ಯಾರಾದರೂ ವಿಷಯ ತೆಗೆದರೆ ಹೋಗಲಿ ಬಿಡ್ರೋ ಎಂದು ಎದ್ದು ಹೊರಟುಬಿಡುತ್ತಿದ್ದ. ಎಂಥ ದೊಡ್ಡ ಮನಸ್ಸು ನೋಡಿ ಎಂದು ಜನ ಕಣ್ಣು ಒರೆಸಿಕೊಂಡರು.

ಮಾತು ಬಿಟ್ಟರೆ ಬಿಡಲಿ, ನೀರಿಗೇ ಕೈ ಹಾಕಿದರು. ಕೊನೆಭಾಗಕ್ಕೆ ಬಂದಷ್ಟನ್ನು ತಮ್ಮ ತಮ್ಮಲ್ಲಿ ಹಂಚಿಕೊಳ್ಳುವ ಪಾಳಿ ಪಟ್ಟಿಯಲ್ಲಿ ಅಂಬಪ್ಪನನ್ನು ಕಟ್ಟಕಡೆಗೆ ತಳ್ಳಿದರು. ಅವನ ಪಾಳಿ ಬರಲು ಇನ್ನೂ ಹನ್ನೊಂದು ದಿನ. ಭತ್ತ ಹಾಲುಗಟ್ಟುವ ಹೊತ್ತು. ಮೂರು ದಿನದಲ್ಲಿ ನೀರು ಹಾಯದಿದ್ದರೆ ಮೂರೆಕರೆಯೂ ಜೊಳ್ಳು.

ಭಾನುವಾರ ಬೆಳಿಗ್ಗೆ ಅಂಬಪ್ಪ ಹೆಂಡತಿ ಭಾರತಿಯನ್ನು ಕರೆದುಕೊಂಡು ಕರಿಬಸಪ್ಪನ ಪಡಸಾಲೆಗೆ ಬಂದ. ಕೊನೆಭಾಗದ ಏಳೂ ಮಂದಿ ಕೂಡಿದರು. ವಿಭೂತಿ ಮುಟ್ಟಿ ನಿಜ ಹೇಳಿದರೆ ಇವತ್ತೇ ನೀರು ಬಿಡುತ್ತೇವೆ ಎಂದ ವಿರೇಶ.

“ನಾವು ಬೌದ್ಧರು, ಈಬತ್ತಿ ಆಣೆ ನಮ್ಮದಲ್ಲರೀ,” ಎಂದ ಅಂಬಪ್ಪ. “ಮಾತು ಕೊಟ್ಟಿದ್ದೆ, ಹಂಗ ನಡಕೊಂಡೀನಿ. ಇದಕ್ಕಿಂತ ಹೆಚ್ಚಿಗಿ ಹೇಳಾಕ ನನ್ನ ಹತ್ರ ಏನಿಲ್ಲ.”

ಆಣೆಗೆ ಹೆದರಿದ, ಅಂದರೆ ಕಳ್ಳ ಸಿಕ್ಕ ಎಂದು ವಿರೇಶ ತೊಡೆ ತಟ್ಟಿದ. ಭಾರತಿ ಸೆರಗು ಬಾಯಿಗೆ ಒತ್ತಿಕೊಂಡಳು.

ಕರಿಬಸಪ್ಪನ ಮಗಳು ರಾಜಶ್ರೀ ಲಿಂಗಸುಗೂರಿನ ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಕಲಿಸುವವಳು, ರಜೆಗೆ ಬಂದಿದ್ದಳು. ಅವಳಿಗೆ ತಡೆಯಲಾಗಲಿಲ್ಲ. ಅಮೆರಿಕದಲ್ಲೂ ಇದೇ ಜಗಳ ಎಂದಳು. ಎರಡು ಸಾವಿರದ ಇಸವಿಯಲ್ಲಿ ಫ್ಲೋರಿಡಾ ಎಂಬ ರಾಜ್ಯದಲ್ಲಿ ಐನೂರ ಮೂವತ್ತೇಳು ಓಟಿಗೆ ಒಬ್ಬನಿಗೆ ರಾಷ್ಟ್ರಾಧ್ಯಕ್ಷ ಪದವಿಯೇ ತಪ್ಪಿತಂತೆ. ಅಲ್ಲಿ ಮೂರನೆಯವನಿಗೆ ಬಿದ್ದದ್ದು ತೊಂಬತ್ತೇಳು ಸಾವಿರ. ಸೋತವರು ಇವತ್ತಿಗೂ ಅವನನ್ನು ಬೈಯುತ್ತಾರೆ. ಅವನು ನಿಲ್ಲದಿದ್ದರೆ ಆ ಮಂದಿ ಯಾರಿಗೆ ಹಾಕುತ್ತಿದ್ದರು, ಓಟಿಗೇ ಬರುತ್ತಿದ್ದರೋ ಇಲ್ಲವೋ, ಇಂಥದ್ದೇ ಎಂದು ಯಾರೂ ಹೇಳಲಾರರು.

“ಅಷ್ಟು ಮಂದೀನ ಕೇಳಾಕ ಆಗಂಗಿಲ್ಲ. ನೀವು ಇರೋದು ಏಳ ಮಂದಿ,” ಎಂದಳು. “ಇವರೊಬ್ಬರನ್ನ ಯಾಕ ಹಿಡದೀರಿ? ಎಲ್ಲಾರೂ ಆಣೆ ಮಾಡ್ರಿ.”

ದೇವರ ಕೋಣೆಯಿಂದ ವಿಭೂತಿಯ ತಟ್ಟೆ ತಾನೇ ತಂದಳು. ವಿರೇಶ ಎಲ್ಲರಿಗಿಂತ ಮೊದಲು ಮುಟ್ಟಿ, ಕರಿಬಸಪ್ಪನಿಗೇ ಹಾಕಿದ್ದೇನೆ ಎಂದ. ಮತ್ತೆ ಮೂವರು ಮುಟ್ಟಿದರು. ಐದನೆಯ ನಿರ್ದೇಶಕ ಜಿಲಾನಿಸಾಬ್ ಅಲ್ಲಾನ ಹೆಸರಿನಲ್ಲಿ ಅದನ್ನೇ ಹೇಳಿದ. ಐದು ಓಟಿಗೆ ಲೆಕ್ಕ ಸಿಕ್ಕಿತು. ಕರಿಬಸಪ್ಪನದೊಂದು ಸೇರಿದರೆ ಆರು, ಇನ್ನು ಉಳಿದವನು ಯಾರು ಎಂದು ವಿರೇಶ ಅಂಬಪ್ಪನ ಕಡೆ ಬೆರಳು ತೋರಿಸಿದ. ಅಂಬಪ್ಪ ತಲೆ ತಗ್ಗಿಸಲಿಲ್ಲ. ಕೆಲವರು ಆಗಲೇ ಎದ್ದು ಚಪ್ಪಲಿ ಹುಡುಕತೊಡಗಿದರು.

ಕೇಳುವುದಾದರೆ ಎಲ್ಲರನ್ನೂ ಕೇಳಬೇಕಲ್ಲ ಎಂದು ರಾಜಶ್ರೀ ನಗುತ್ತಾ ತಟ್ಟೆಯನ್ನು ಅಪ್ಪನ ಮುಂದೆ ಹಿಡಿದಳು. ಕರಿಬಸಪ್ಪನ ಕೈ ಮೇಲೇಳಲಿಲ್ಲ.

“ತನ್ನ ಹೆಸರಿಗೆ ತಾನ ಮುದ್ರಿ ಒತ್ತಿಕೊಳ್ಳೋದು ನಮ್ಮ ಮನಿತನದಾಗ ಇಲ್ಲವ್ವ,” ಎಂದ. “ಅಂಬಪ್ಪಗ ಒಂದೂ ಬೀಳಲಿಲ್ಲಂದ್ರ ಪಾಪ ನಾಚಿಕಿ ಆಗ್ತದ ಅಂತ, ಅವನ ಹೆಸರಿಗೆ ನಾನ ಒತ್ತೀನಿ.”