ಕೂಸಿನ ಪಾಲಿನ ಗಾಳಿ

ಮಂಗಳ ಗ್ರಹದ ಕೆಂಪುಕೊಳ್ಳ ಬೇರೆ ದೇಶವಾಗಿ ಹನ್ನೊಂದು ವರ್ಷವಾಗಿತ್ತು. ಅದಕ್ಕಾಗಿ ನಡೆದ ಹೋರಾಟದಲ್ಲಿ ಸುವರ್ಣವ್ವನ ಗಂಡ ಸತ್ತಿದ್ದ. ಆಗ ಬೆನ್ನಿಗೆ ನಿಂತು ಗೆಲ್ಲಿಸಿದ್ದು ಪಕ್ಕದ ಮಹಾಪುರ ದೇಶ. ಉಸಿರಾಡುವ ಗಾಳಿಯೂ ಅಂದಿನಿಂದ ಅಲ್ಲಿನ ಕೊಳವೆಯಲ್ಲೇ ಬರುತ್ತಿತ್ತು. ಈ ತಿಂಗಳು ಮಹಾಪುರ ಹೊಸ ನಿಯಮ ಮಾಡಿತು: ಹುಟ್ಟುವ ಮಗು ತನ್ನ ಪ್ರಜೆಯಾದರೆ ಮಾತ್ರ ಅದರ ಪಾಲಿನ ಗಾಳಿ ಬಿಡುತ್ತದೆ.

ಜನನ ನೋಂದಣಿ ಕಚೇರಿಯಲ್ಲಿ ಸುವರ್ಣವ್ವನದೇ ಕೆಲಸ. ಅವಳ ಮೇಜಿನೆದುರು ಮಗಳು ಶಿವಗಂಗಾ ನಾಲ್ಕು ದಿನದ ಹೆಣ್ಣುಕೂಸನ್ನು ಎತ್ತಿಕೊಂಡು ನಿಂತಿದ್ದಳು. ತನ್ನ ಪಾಲಿನ ಗಾಳಿಯ ಮಾಸ್ಕನ್ನೇ ಆಗಾಗ ಬಿಚ್ಚಿ ಕೂಸಿನ ಮೂಗಿಗೆ ಹಿಡಿಯುತ್ತಿದ್ದಳು.

"ಇನ್ನೆರಡು ದಿನ ತಡಿಯವ್ವ. ನಮ್ಮ ಮಂತ್ರಿಗಳು ಮಹಾಪುರಕ್ಕ ಮಾತಾಡಾಕ ಹೋಗ್ಯಾರ," ಎಂದಳು ಸುವರ್ಣವ್ವ.

"ಕೂಸಿನ ತುಟಿ ನೀಲಿಗಟ್ಟ್ಯಾವ, ನೋಡು ಯವ್ವಾ."

ಸುವರ್ಣವ್ವ ನೋಡಿದಳು. ಮಹಾಪುರ ಕಳಿಸಿದ್ದ ಅರ್ಜಿ ತೆಗೆದು ಮೊಮ್ಮಗಳ ಹೆಸರಿನ ಮುಂದೆ 'ಮಹಾಪುರದ ಪ್ರಜೆ' ಎಂದು ಬರೆದಳು. ಕೆಳಗಿನ ಸಾಲಿನಲ್ಲಿ, ತಾಯಿ ಪ್ರಜೆಯೋ ಪರದೇಶಿಯೋ ಎಂದು ಕೇಳಿದ್ದರು. ಅವಳ ಕೈ ಅಲ್ಲೇ ನಿಂತಿತು.

"ನನ್ನ ಮಗಳನ್ನ ಪರದೇಶಿ ಅಂತ ಹೆಂಗ ಬರೀಲಿ?"

"ಬರಿ ಯವ್ವಾ. ನಾನರ ಅಪ್ಪನ ದೇಶದಾಕಿ ಆಗಿ ಉಳೀತೀನಿ."

ಸುವರ್ಣವ್ವ ಬರೆದು ಮುದ್ರೆ ಒತ್ತಿದಳು. ಗೋಡೆಯ ನಳಿಕೆಯಲ್ಲಿ ಕೂಸಿನ ಪಾಲಿನ ಗಾಳಿ ಸುಯ್ಯೆಂದು ಬಂತು. ಶಿವಗಂಗಾ ಪುಟ್ಟ ಮಾಸ್ಕನ್ನು ಅದಕ್ಕೆ ಜೋಡಿಸಿ ಮಗಳ ಮುಖಕ್ಕೆ ಕಟ್ಟಿದಳು. ತುಸು ಹೊತ್ತಿಗೆ ಕೂಸಿನ ಕೆನ್ನೆಗೆ ರಂಗು ಬಂತು. ಸುವರ್ಣವ್ವ, ಶಿವಗಂಗಾ ಒಬ್ಬರನ್ನೊಬ್ಬರು ತಬ್ಬಿಕೊಂಡು ಅತ್ತರು. ಅವರಿಬ್ಬರ ನಡುವೆ ಮಹಾಪುರದ ಪ್ರಜೆ ನೆಮ್ಮದಿಯಾಗಿ ಉಸಿರಾಡುತ್ತ ನಿದ್ದೆಹೋಗಿತ್ತು.