ಕಿಟಕಿಯ ಬಿಸಿಲು ಜಪ್ತಿ

ನಮ್ಮೂರಿನಲ್ಲಿ ಬಾಡಿಗೆ ಪದೇ ಪದೇ ತಡವಾದರೆ, ನೋಟಿಸು ಕೊಟ್ಟು ಒಂದು ಕಿಟಕಿಯ ಬಿಸಿಲನ್ನು ಮಾಲೀಕರು ಒಯ್ಯಬಹುದು. ಅಂದು ಬೆಳಿಗ್ಗೆ ಶಾಂತವೀರಪ್ಪನವರು ಬಂದು, ಬಟ್ಟೆ ಹೊಲಿಯುವ ನಾಗವೇಣಿಯ ಬಾಡಿಗೆ ಕೋಣೆಯ ನೆಲದ ಮೇಲಿದ್ದ ಬಿಸಿಲನ್ನು ಚಾಪೆಯಂತೆ ಸುತ್ತತೊಡಗಿದರು.

"ಮದುವೆ ಬ್ಲೌಸು ಯಜಮಾನ್ರೇ, ಮುಗಿಸಿ ಕೊಟ್ರೇನೇ ನಿಮ್ಮ ಬಾಡಿಗೆ ಹುಟ್ಟೋದು. ಈ ಸಲ ಅಡ್ವಾನ್ಸಲ್ಲಿ ಮುರ್ಕೊಳ್ಳಿ."

"ಅಡ್ವಾನ್ಸ್ ಎಲ್ಲಮ್ಮ ಉಳಿದಿದೆ? ನಾನು ಕಾನೂನು ಪ್ರಕಾರಾನೇ ತಗೊಂಡ್ಹೋಗ್ತಿರೋದು."

ಸುರುಳಿಯನ್ನು ಕಂಕುಳಲ್ಲಿಟ್ಟುಕೊಂಡು ಅವರು ಹೊರಟರು. ಇದ್ದದ್ದೇ ಒಂದು ಕಿಟಕಿ. ಬಲ್ಬಿನ ಬೆಳಕಿನಲ್ಲಿ ದಾರದ ಬಣ್ಣ ಬಟ್ಟೆಗೆ ಹೊಂದುತ್ತದೋ ಇಲ್ಲವೋ ತಿಳಿಯುವುದಿಲ್ಲ. ನಾಗವೇಣಿ ಮೆಷಿನ್ನನ್ನು ಎಳೆದು ತಂದು, ಅವರ ಗೇಟಿನೆದುರಿಗೇ ಬೀದಿಯಲ್ಲಿಟ್ಟು ಕುಳಿತಳು.

"ಏನಮ್ಮಾ ಇದು! ನೋಡಿದೋರು ಏನಂತಾರೆ?"

"ಇದು ಬೀದಿ ಬಿಸಿಲು. ಸುತ್ಕೊಂಡ್ಹೋಗೋಕಾದ್ರೆ ಹೋಗಿ. ಆಗ್ಲಿಲ್ವಾ, ಒಳಗ್ಹೋಗಿ ಕೂತ್ಕೊಳ್ಳಿ ಯಜಮಾನ್ರೇ, ನಿಮ್ಮ ಬಾಡಿಗೆ ಹೊಲೀತಿದ್ದೀನಿ."