ಪ್ರತಿ: ಮ್ಯಾನೇಜರ್

"ಶರಣ್ಯಾ ಅವರೇ, ನನ್ನ ಸ್ಟೇಪ್ಲರ್ ನಿಮ್ಮ ಮೇಜಿನ ಮೇಲಿದೆ. ಕೂಡಲೇ ಹಿಂದಿರುಗಿಸಿ. ಇಂತಿ, ರುದ್ರೇಶ್. ಪ್ರತಿ: ಮ್ಯಾನೇಜರ್."

ಮೇಲ್ ಓದಿದ ಮ್ಯಾನೇಜರ್ ವಿಷ್ಣುತೀರ್ಥರು ಗಾಜಿನ ಬಾಗಿಲಾಚೆ ನೋಡಿದರು. ಇಬ್ಬರೂ ಅಕ್ಕಪಕ್ಕದಲ್ಲೇ ಕೂತಿದ್ದರು. ಕೈ ಚಾಚಿದರೆ ಸ್ಟೇಪ್ಲರ್ ಸಿಗುತ್ತಿತ್ತು. ಯಾರೂ ಚಾಚಲಿಲ್ಲ. ಅಷ್ಟರಲ್ಲಿ ಉತ್ತರ ಬಂತು.

"ರುದ್ರೇಶ್ ಅವರೇ, ಪಿನ್ನಿಲ್ಲದ ಸ್ಟೇಪ್ಲರ್ ಯಾರಿಗೆ ಬೇಕು? ಇಂತಿ, ಶರಣ್ಯಾ. ಪ್ರತಿ: ಮ್ಯಾನೇಜರ್."

ಚೆನ್ನೈನ ವೇಲಚೇರಿಯ ಆ ವಿಮಾ ಶಾಖೆಗೆ ಇ-ಮೇಲ್ ಬಂದು ವರ್ಷವಾಗಿತ್ತು. ಲಾಭ ಇಲ್ಲವೆನ್ನುವಂತಿಲ್ಲ. ಮುಂಬಯಿಯ ಮುಖ್ಯ ಕಚೇರಿಯ ಉತ್ತರಕ್ಕೆ ವಾರಗಟ್ಟಲೆ ಕಾಯಬೇಕಿರಲಿಲ್ಲ. ಆದರೆ ಮೊದಲೆಲ್ಲ ಜನ ಬಾಯಲ್ಲಿ ಜಗಳವಾಡಿ ಕಾಫಿ ಹೊತ್ತಿಗೆ ಮರೆಯುತ್ತಿದ್ದರು. ಈಗ ಜಗಳಕ್ಕೂ ತಾರೀಖು, ದಾಖಲೆ, ಪ್ರತಿ. ಫ್ಯಾನಿನ ವೇಗ, ಕಿಟಕಿಯ ಪರದೆ, ಕುರ್ಚಿಯ ಕಿರುಗುಟ್ಟುವಿಕೆ, ಎಲ್ಲವೂ ವಿಷ್ಣುತೀರ್ಥರ ತಲೆಗೇ. ಮಧ್ಯಾಹ್ನ ಇಬ್ಬರ ಡಬ್ಬಿಯಲ್ಲೂ ಚಿತ್ರಾನ್ನವೇ ಇದ್ದರೂ ಬೆನ್ನು ತಿರುಗಿಸಿ ತಿನ್ನುತ್ತಿದ್ದರು.

ವಿಷ್ಣುತೀರ್ಥರು ನಿಯಮದ ಮನುಷ್ಯ. ಗಂಡ ಹೆಂಡತಿ ಒಂದೇ ಶಾಖೆಯಲ್ಲಿರುವಂತಿಲ್ಲ ಎಂದು, ಸಹೋದ್ಯೋಗಿ ಶಿವರಾಮುವನ್ನು ಮದುವೆಯಾದ ತುಂಗಾಳಿಂದ ರಾಜೀನಾಮೆ ಬರೆಸಿಕೊಂಡು, ಗೋಡೆ ಗಡಿಯಾರ ಕೊಟ್ಟು ಕಳಿಸಿದ್ದರು. ಕೇಳಿದವರಿಗೆಲ್ಲ ವರ್ಗ ಕೊಡುವವರೂ ಅಲ್ಲ. ಬೇಸಿಗೆಯಲ್ಲಿ ರುದ್ರೇಶ್ ತ್ರಿಪ್ಲಿಕೇನ್ ಶಾಖೆ ಕೇಳಿದಾಗ, "ಸ್ವಂತ ಕೋರಿಕೆಗೆಲ್ಲ ಟ್ರಾನ್ಸ್‌ಫರ್ ಇಲ್ಲಪ್ಪಾ" ಎಂದಿದ್ದರು. ಪಕ್ಕದ ಸೀಟಿನವಳ ಕಾಟ ತಾಳದೆ ಕೇಳಿದ್ದನೆಂದು ಈಗ ಅರ್ಥವಾಯಿತು. ಅವರಿಗೆ ಅಯ್ಯೋ ಅನ್ನಿಸಿತು.

ಇಬ್ಬರನ್ನೂ ಒಳಗೆ ಕರೆದರು.

"ಪೋದುಂ. ಸಾಕು. ಇನ್ನೊಂದು ಮೇಲ್ ಬಂದ್ರೆ ಒಬ್ಬರ ಕೆಲಸ ಹೋಗುತ್ತೆ."

ಶರಣ್ಯಾಳ ಮುಖ ಬಿಳಿಚಿತು. ತಂದೆ ಪೆರಂಬೂರಿನ ರೈಲ್ವೆ ಕಾರ್ಖಾನೆಯಿಂದ ನಿವೃತ್ತರಾದ ಮೇಲೆ ಮನೆ ನಡೆಯುತ್ತಿದ್ದುದು ಅವಳ ಸಂಬಳದಲ್ಲಿ.

"ಕೆಲಸ ತೆಗೀಬೇಡಿ ಸಾರ್. ಅವರಿಗೆ ಈ ಕೆಲಸ ಬೇಕು," ಎಂದ ರುದ್ರೇಶ್.

"ಹಾಗಾದ್ರೆ ಅಡ್ಜಸ್ಟ್ ಮಾಡ್ಕೊಂಡು ಹೋಗಿ."

"ಇವರ ಜೊತೆ ಒಂದೇ ಆಫೀಸಲ್ಲಿ ಇರೋಕ್ಕೆ ಸಾಧ್ಯವೇ ಇಲ್ಲ ಸಾರ್," ಎಂದಳು ಶರಣ್ಯಾ.

"ಆ ವಿಷಯದಲ್ಲಿ ನಮ್ಮಿಬ್ಬರದೂ ಒಂದೇ ಮಾತು ಸಾರ್."

ವಿಷ್ಣುತೀರ್ಥರು ನಿಯಮಾವಳಿ ತಿರುವಿದರು. ಆಡಳಿತದ ಕಾರಣಕ್ಕೆ ವರ್ಗ ಮಾಡಬಹುದಿತ್ತು. ಮುಂಬಯಿಗೆ ಮೇಲ್ ಹೋಯಿತು, ಸಂಜೆಯೊಳಗೆ ಒಪ್ಪಿಗೆ ಬಂತು. ರುದ್ರೇಶ್ ತನ್ನ ಸ್ಟೇಪ್ಲರ್ ತೆಗೆದುಕೊಂಡು ತ್ರಿಪ್ಲಿಕೇನ್‌ಗೆ ಹೋದ. ಶರಣ್ಯಾ ತಲೆ ಎತ್ತಿಯೂ ನೋಡಲಿಲ್ಲ.

ಮುಂದಿನ ವಾರವೆಲ್ಲ ಆಫೀಸು ತಣ್ಣಗಿತ್ತು. ವಿಷ್ಣುತೀರ್ಥರು ಬಿಸಿ ಕಾಫಿಯನ್ನು ಬಿಸಿಯಾಗಿಯೇ ಕುಡಿದರು. ಸೋಮವಾರ ಮತ್ತೆ ಶರಣ್ಯಾಳ ಮೇಲ್ ಕಂಡಾಗ ಅವರು ಕಾಫಿ ಲೋಟ ಕೆಳಗಿಟ್ಟರು. ತೆರೆದರು.

"ರುದ್ರೇಶ್ ಅವರೇ, ನಮ್ಮ ಲಗ್ನಪತ್ರಿಕೆಯಲ್ಲಿ ನಿಮ್ಮ ಹೆಸರು ನನ್ನ ಹೆಸರಿಗಿಂತ ದಪ್ಪಕ್ಕೆ ಅಚ್ಚಾಗಿದೆ. ಕೂಡಲೇ ಸರಿಪಡಿಸಿ. ಇಂತಿ, ಶರಣ್ಯಾ. ಪ್ರತಿ: ಮ್ಯಾನೇಜರ್, ಸಕುಟುಂಬ ಸಪರಿವಾರ ಸಮೇತ."